ನೂರಿಪ್ಪತ್ತು ದಾಟಬಾರದು

೮ ಮಾರ್ಚ್ ೨೦೦೪, ಸೋಮವಾರ. ಬೆಳಗ್ಗೆ ೬.೧೦

ಕುತ್ತಿಗೆಯ ಮೇಲೆ ಎರಡು ಬೆರಳು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದೆ. ೮೪. ಮತ್ತೆ ಎಣಿಸಿದೆ — ೧೦೮. ಮೂರನೇ ಸಲ ೬೮. ಅದೇ ಕುತ್ತಿಗೆ, ಅವೇ ಬೆರಳು. ಇಪ್ಪತ್ತೆರಡು ವರ್ಷ ಪಿ.ಟಿ. ಮಾಸ್ತರನಾಗಿ ಬೈಲಹೊಂಗಲದ ಅರ್ಧ ಊರಿಗೆ ನಾಡಿ ಎಣಿಸಲು ಕಲಿಸಿದವನು ನಾನು. ನಾಚಿಕೆಯಾಗಬೇಕು.

ಗೇಟಿನ ತನಕ ಹೋದೆ. ನಿಂತೆ. ವಾಪಸು ಬಂದೆ. ಹೀಗೇ ಇವತ್ತಿಗೆ ಒಂಬತ್ತು ದಿನ.

೧೦ ಮಾರ್ಚ್, ಬುಧವಾರ

ಹೆಡ್‌ಮಾಸ್ತರ ನಿಜಗುಣಪ್ಪನವರು ಬಂದಿದ್ದರು. ಸೇಬು ತಂದಿದ್ದರು. ಸೇಬು ಕಂಡರೇ ಈಗ ಸಿಟ್ಟು ಬರುತ್ತದೆ.

"ಲೈಬ್ರರಿಯೊಳಗ ಫ್ಯಾನಿನ ಕೆಳಗ ಒಂದು ಟೇಬಲ್ ಹಾಕಸೇನಿ. ಜೂನದಾಗ ಬಂದು ಆರಾಮ ಕುಂದರ್ರಿ, ಬಸವಲಿಂಗ."

ಒಳ್ಳೆಯ ಮನುಷ್ಯ. ಬೈಯಲೂ ಬರುವುದಿಲ್ಲ.

ಫೆಬ್ರವರಿಯದನ್ನು ಇಲ್ಲಿ ಬರೆದಿಲ್ಲ. ಬರೆದುಬಿಡುತ್ತೇನೆ. ೬ನೇ ತಾರೀಖು, ಲೇಜೀಮು ಕಲಿಸುತ್ತಿದ್ದೆ. ಎದೆ ಹಿಂಡಿತು. ಮಕ್ಕಳ ಎದುರು ಮಣ್ಣಿನಲ್ಲಿ ಬಿದ್ದೆ. ಬೆಳಗಾವಿಗೆ ಒಯ್ದರು, ಸ್ಟೆಂಟ್ ಹಾಕಿದರು. ಡಾಕ್ಟರು ಬಿಡುವಾಗ ಹೇಳಿದ್ದು ಎರಡೇ ಮಾತು. ದಿನಾ ನಡೀರಿ. ಪಲ್ಸ್ ನೂರಿಪ್ಪತ್ತು ದಾಟಬಾರದು. ಮೇ ೩೧ಕ್ಕೆ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುತ್ತಾರಂತೆ. ಪಾಸಾದರೆ ಮೈದಾನ. ಇಲ್ಲವಾದರೆ ಲೈಬ್ರರಿ, ಫ್ಯಾನು, ಟೇಬಲ್.

ಲೈಬ್ರರಿಯಲ್ಲಿ ಕೂತು ಕಿಟಕಿಯಿಂದ ಇನ್ನೊಬ್ಬನ ಸೀಟಿ ಕೇಳಲಾರೆ. ಸತ್ತರೂ ಆಗದು. ಆದರೆ ಸಾಯುವುದಕ್ಕೂ ಹೆದರಿಕೆ. ನಡೆಯದಿದ್ದರೆ ಫೇಲು, ನಡೆದು ನೂರಿಪ್ಪತ್ತು ದಾಟಿದರೆ ಗೋರಿ. ಎಲ್ಲಿ ಹೋಗಲಿ?

೧೪ ಮಾರ್ಚ್, ರವಿವಾರ

ಮಿಲಿಂದನಿಗೆ ಫೋನ್ ಮಾಡಿದೆ. ಸವದತ್ತಿಯವನು, ಕಾಲೇಜಿನಲ್ಲಿ ನನ್ನ ಜೊತೆ ಓಡುತ್ತಿದ್ದ. ಈಗ ಪುಣೆಯಲ್ಲಿ ಆಟದ ಸಾಮಾನಿನ ಅಂಗಡಿ. ಎದೆಬಡಿತ ತೋರಿಸುವ ಗಡಿಯಾರ ಬಂದಿದೆಯಂತೆ.

"ಮೂರು ನಮೂನಿ ಅವ. ಒಂದು, ಬರೇ ಗಡಿಯಾರ. ನಿಂತು ಅದರ ಮ್ಯಾಲೆ ಬೆರಳ ಇಡಬೇಕು. ಎರಡನೇದಕ್ಕ ಎದಿಗೆ ಬೆಲ್ಟ್ ಕಟ್ಟಬೇಕು, ನಡಕೋತನ ನಂಬರ ಕಾಣಸ್ತದ. ಮೂರನೇದೂ ಬೆಲ್ಟಿಂದೇ, ಆದ್ರ ನೀ ಹೇಳಿದ್ದ ನಂಬರ ದಾಟಿದ್ರ ಬೀಪ್ ಬೀಪ್ ಅಂತದ."

"ಯಾವುದು ಚಲೋ?"

"ನಿನಗ ಯಾವಾಗ ಹೆದರಿಕಿ, ಅದನ್ನ ಹೇಳು ಮೊದಲ."

ನಾಳೆ ಹೇಳುತ್ತೇನೆಂದು ಇಟ್ಟೆ.

೧೭ ಮಾರ್ಚ್, ಬುಧವಾರ

ಮೂರು ದಿನ ಇದೇ ಯೋಚನೆ. ಹೆಣ್ಣು ನೋಡುವಾಗಲೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಬೆರಳಿನದು ಬೇಡ, ನಿಂತಾಗ ನನಗೆ ಏನೂ ಆಗುವುದಿಲ್ಲ. ನಡೆಯುವಾಗಿನ ಲೆಕ್ಕ ಬೇಕು. ಬೀಪಿನದೂ ಬೇಡ... ನೂರಿಪ್ಪತ್ತಕ್ಕೆ ಸಾಯದಿದ್ದರೂ ಆ ಸದ್ದಿಗೆ ಸಾಯುತ್ತೇನೆ. ಸುಮ್ಮನಿರುವ ಬೆಲ್ಟಿನದೇ ಕಳಿಸು ಎಂದೆ.

ಅವ್ವ ಸೋಮವ್ವ ಒಳಗಿನಿಂದ ಎಲ್ಲ ಕೇಳುತ್ತಿದ್ದಳು. "ಲಿಂಗದ ಬುಡಕ ಪಟ್ಟಿ ಬಿಗಿತಿಯೇನೋ, ಎತ್ತಿಗೆ ಬಿಗಿದ್ಹಂಗ?"

ಬಿಗಿತೇನಿ ಎಂದೆ. ಕೊರಳಿಗೂ ಬಿಗಿದುಕೊಳ್ಳುತ್ತಿದ್ದೆ, ಮಿಲಿಂದ ಹೇಳಿದ್ದರೆ.

೨೭ ಮಾರ್ಚ್, ಶನಿವಾರ

ಪುಣೆ ಬಸ್ಸಿನಲ್ಲಿ ಪಾರ್ಸಲ್ ಬಂತು. ಬಸ್ಸು ಹೈವೇ ಬಿಟ್ಟು ಒಳಗೆ ಬರುವುದಿಲ್ಲ. ಬೆಳಗ್ಗೆ ಆರಕ್ಕೇ ಕಿತ್ತೂರಿನಲ್ಲಿ ನಿಂತಿದ್ದೆವು, ನಾನೂ ಮೀನಾಳೂ. ಹೆಂಡತಿಯ ಜೊತೆ ಇಲ್ಲದೆ ಬಸ್ಸು ಹತ್ತುವುದಕ್ಕೂ ಈಗ ನನಗೆ ಧೈರ್ಯವಿಲ್ಲ. ಡಬ್ಬಿ ಬೆಂಕಿಪೆಟ್ಟಿಗೆಯಷ್ಟು ಹಗುರ. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

೨೮ ಮಾರ್ಚ್, ರವಿವಾರ. ಬೆಳಗ್ಗೆ ೯

ಬರೆಯಲೇಬೇಕು.

ಸ್ನಾನ, ಲಿಂಗಪೂಜೆ, ಹಣೆಗೆ ಎದೆಗೆ ತೋಳಿಗೆ ವಿಭೂತಿ — ಎಲ್ಲ ಮುಗಿಸಿ ಬೆಲ್ಟ್ ಕಟ್ಟಿದೆ. ನೀರು ಹಚ್ಚಿ ಕಟ್ಟಬೇಕೆಂದು ಕಾಗದದಲ್ಲಿತ್ತು. ಎದೆಯ ವಿಭೂತಿ ಅಳಿಯಬಾರದಲ್ಲ, ಎರಡು ಹನಿ ಮುಟ್ಟಿಸಿದೆ ಅಷ್ಟೆ. ಗೇಟು ದಾಟಿದೆ. ಗಡಿಯಾರ ೦೦ ತೋರಿಸಿತು. ಆಮೇಲೆ ೨೧೪. ಆಮೇಲೆ ೪೩. ಮತ್ತೆ ೧೮೭.

ರಸ್ತೆಯಲ್ಲೇ ಕೂತೆ. ಮೀನಾ ಆಟೋ ತಂದಳು. ಊರಿನ ಡಾಕ್ಟರು ಇ.ಸಿ.ಜಿ. ತೆಗೆದು "ಏನೂ ಆಗಿಲ್ಲ ಮಾಸ್ತರ, ಎಪ್ಪತ್ತೆಂಟು ಐತಿ" ಎಂದರು.

ಮಲಗಿಸಿ ತೆಗೆದರೆ ಎಪ್ಪತ್ತೆಂಟೇ ಇರುತ್ತದೆ. ನಡೆದಾಗ ಏನಾಗುತ್ತದೆಂದು ಅವರಿಗೇನು ಗೊತ್ತು? ಗಡಿಯಾರಕ್ಕೆ ಗೊತ್ತಾಗಿದೆ.

೨ ಏಪ್ರಿಲ್, ಶುಕ್ರವಾರ

ಐದು ದಿನವೂ ಅದೇ. ೨೦೯. ೦೦. ೩೮. ಮಿಲಿಂದನಿಗೆ ಫೋನ್ ಮಾಡಿದೆ.

"ಮೈಗೆ ಎಣ್ಣಿ, ಪೌಡರ್, ಮಲಾಮು, ಏನರ ಹಚ್ಚಿರ್ತಿಯೇನು?"

"ಏನೂ ಇಲ್ಲೋ."

"ಹಂಗಾದ್ರ ಪೀಸೇ ಕೆಟ್ಟದ. ಕಳಿಸು, ಬದಲಿ ಕೊಡ್ತೀನಿ."

೫ ಏಪ್ರಿಲ್, ಸೋಮವಾರ

ಕಳಿಸುವ ಮೊದಲು ಮೀನಾ ಬೆಲ್ಟನ್ನು ನಳದ ಕೆಳಗೆ ಹಿಡಿದು ತೋಯಿಸಿ, ತಾನೇ ಕಟ್ಟಿಕೊಂಡು, ಕಣ್ಣಿಗೆ ಚಾಳೀಸು ಏರಿಸಿ ನೋಡಿದಳು. ೮೨. ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದಳು. ೯೬. ಕೂತಳು, ೮೪. ಅಂಕಿ ಒಂದು ಸಲವೂ ಕುಣಿಯಲಿಲ್ಲ.

ಪೀಸು ಕೆಟ್ಟಿಲ್ಲ. ನಾನೇ ಕೆಟ್ಟಿದ್ದೇನೆ.

೧೮ ಏಪ್ರಿಲ್, ರವಿವಾರ

ಹದಿಮೂರು ದಿನ ಬರೆದಿಲ್ಲ. ಮಲಗಿದ್ದೇ ಮಲಗಿದ್ದು. ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿಯುತ್ತೇನೆ. ಮೀನಾಳಿಗೆ ಬೇಕಾಗುವ ಕಾಗದಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಮೊಳೆಗೆ ತೂಗುಹಾಕಿದೆ. ಅವಳು ಇಳಿಸಿ ಒಳಗಿಟ್ಟಳು. ನಾನು ಮತ್ತೆ ತೂಗುಹಾಕಿದೆ.

ಇವತ್ತು ಪೂಜೆ ಮಾಡಲಿಲ್ಲ. ನಲವತ್ನಾಲ್ಕು ವರ್ಷದಲ್ಲಿ ಮೊದಲ ಸಲ. ಏನು ಬೇಡಲಿ? ಬೇಡಿದ್ದಾಯಿತು, ೨೧೪ ಕೊಟ್ಟ. ಲಿಂಗ ತೆಗೆದಿಡುವಷ್ಟು ಎದೆಗಾರಿಕೆ ಇಲ್ಲ. ವಿಭೂತಿ ಮಾತ್ರ ಬಿಟ್ಟೆ. ಅವ್ವ ಅಡುಗೆಮನೆಯಲ್ಲಿ ಅಳುತ್ತಿದ್ದಾಳೆ. ಅಳಲಿ. ನಾನೂ ಅಳುತ್ತಿದ್ದೇನೆ.

೧೯ ಏಪ್ರಿಲ್, ಸೋಮವಾರ. ಬೆಳಗ್ಗೆ ೭

ಇವತ್ತೂ ಪೂಜೆ ಇಲ್ಲ. ಮೈ ಬೆವರಿತ್ತು. ಸಾಯುವುದಾದರೆ ಎಷ್ಟಕ್ಕೆ ಸಾಯುತ್ತೇನೆ, ನೋಡಿಯೇ ಬಿಡೋಣ ಎಂದು ಸಿಟ್ಟಿನಿಂದ ಬೆಲ್ಟ್ ಕಟ್ಟಿದೆ.

೭೪. ೭೫. ೭೪.

ಮೀನಾಳನ್ನು ಕರೆದೆ. ಗಡಿಯಾರ ನೋಡಿದಳು. ನನ್ನ ಎದೆ ನೋಡಿದಳು.

"ನೀವು ಇವತ್ತ ವಿಭೂತಿ ಹಚ್ಚಿಲ್ಲರಿ."

ಪೌಡರ್ ಹಚ್ಚುತ್ತೀಯಾ ಎಂದು ಮಿಲಿಂದ ಕೇಳಿದ್ದ. ವಿಭೂತಿಯನ್ನು ಪೌಡರ್ ಎಂದು ಯಾವ ಲಿಂಗವಂತ ಹೇಳಿಯಾನು? ಸ್ನಾನವಾದರೆ ಅದು ಮೈಯ ಮೇಲೆ ಇರುವುದೇ. ಒಣ ಬೂದಿಯ ಮೇಲೆ ಒಣ ಬೆಲ್ಟ್ ಕಟ್ಟಿಕೊಂಡು ಮೂರು ವಾರ ಸತ್ತು ಬಿದ್ದಿದ್ದೆ! ನಗು ಬರಬೇಕಿತ್ತು. ಬರಲಿಲ್ಲ. ಆ ಮೂರು ವಾರ ಯಾರು ವಾಪಸು ಕೊಡುತ್ತಾರೆ?

ಅವ್ವನಿಗೆ ಹೇಗೆ ಹೇಳುವುದೆಂದು ಹೆದರಿದ್ದೆ. ಅವಳೇ ತೀರ್ಪು ಕೊಟ್ಟಳು. "ಹಣಿಗೆ ಹಚ್ಚಕೊಂಡು ಹೋಗು. ಎದಿಗೆ ಬಂದ ಮ್ಯಾಲೆ ಹಚ್ಚಕೊಳ್ಳುವಂತಿ. ಶಿವಗ ಅಷ್ಟೂ ತಿಳಿಯೂದಿಲ್ಲೇನು?"

೨೨ ಏಪ್ರಿಲ್, ಗುರುವಾರ

ಬೆಲ್ಟ್ ಸರಿ. ಗಡಿಯಾರ ಸರಿ. ಗೇಟಿನಲ್ಲಿ ೮೮. ದಾಟಿದೆ, ೯೪. ಹಿಟ್ಟಿನ ಗಿರಣಿಯ ತನಕ ೧೦೧.

ಕಾಲು ನಿಂತವು. ಇನ್ನೂ ಹತ್ತೊಂಬತ್ತು ಬಾಕಿ ಇತ್ತು. ಆದರೂ ನಿಂತವು.

೩ ಮೇ, ಸೋಮವಾರ

ದಿನಾ ಗಿರಣಿ. ದಿನಾ ವಾಪಸು. ನೋಡಿದಷ್ಟೂ ಏರುತ್ತದೆ, ಏರಿದಷ್ಟೂ ನೋಡುತ್ತೇನೆ. ನಿನ್ನೆ ನಿಂತಲ್ಲೇ ೧೧೨ ಆಯಿತು, ಬರೀ ನೋಡಿ ನೋಡಿ. ಗಡಿಯಾರ ಬಂದರೆ ಹೆದರಿಕೆ ಹೋಗುತ್ತದೆಂದು ತರಿಸಿದೆ. ಹೆದರಿಕೆಗೆ ಈಗ ಅಂಕಿ ಬಂದಿದೆ, ಅಷ್ಟೆ.

ಇಪ್ಪತ್ತೆಂಟು ದಿನ ಉಳಿದಿವೆ. ಅರ್ಧ ಫರ್ಲಾಂಗ್ ನಡೆಯಲಾಗದವನನ್ನು ಟ್ರೆಡ್‌ಮಿಲ್ ಹತ್ತಿಸುತ್ತಾರೆ. ನಾನು ಹೇಡಿ. ಯಾರೂ ಓದದ ಪುಸ್ತಕವಾದ್ದರಿಂದ ಬರೆಯುತ್ತಿದ್ದೇನೆ. ಹೇಡಿ.

೧೦ ಮೇ, ಸೋಮವಾರ

ಮೀನಾ ಗಡಿಯಾರ ಕಸಿದುಕೊಂಡಳು. ಕಸಿದುಕೊಂಡಳು ಎಂದೇ ಬರೆಯಬೇಕು.

"ಬೆಲ್ಟ್ ನಿಮ್ಮ ಎದಿಗೆ ಇರಲಿ. ಇದು ನನ್ನ ಕೈಗೆ. ನಾ ನೋಡಿ ಹೇಳತೇನಿ. ನೀವು ಮುಂದ ನೋಡಿ ನಡೀರಿ."

ಬೆಲ್ಟಿಗೂ ಗಡಿಯಾರಕ್ಕೂ ಮೂರು ಅಡಿಗಿಂತ ಹೆಚ್ಚು ದೂರವಾದರೆ ಅಂಕಿ ಬರುವುದಿಲ್ಲ ಎಂದೆ. ಅಂದರೆ ಪಕ್ಕದಲ್ಲೇ ನಡೆಯಬೇಕು. ನಮ್ಮ ಓಣಿಯಲ್ಲಿ ಗಂಡನ ಪಕ್ಕ ಹೆಂಡತಿ ನಡೆದದ್ದಿಲ್ಲ, ನಾಲ್ಕು ಹೆಜ್ಜೆ ಹಿಂದೆಯೇ. ಮೀನಾ ಹತ್ತೊಂಬತ್ತು ವರ್ಷ ಹಾಗೇ ನಡೆದವಳು.

"ನಡೀತೇನಿ ಬಿಡ್ರಿ" ಎಂದಳು.

೧೧ ಮೇ, ಮಂಗಳವಾರ

ನಡೆದೆವು. ಕಟ್ಟೆಯ ಮೇಲಿಂದ ಪಕ್ಕದ ಮನೆಯ ರಾಚವ್ವ ಕೂಗಿದಳು, "ಏನ್ರೀ ಮಾಸ್ತರ, ಜೋಡೀಲಿ ಹೊಂಟೀರಿ!" ಕಿವಿ ಬಿಸಿಯಾಯಿತು. ಮೀನಾ ತಲೆ ತಗ್ಗಿಸಲಿಲ್ಲ. ಅವಳ ತವರು ಕಟಕೋಳದ ಸುದ್ದಿ, ತಮ್ಮನ ಮದುವೆ ಹೇಳಿದಳು. ನನ್ನ ಹಳೇ ಓಟದ ಕಥೆ ಒಂದಾದ ಮೇಲೊಂದು ಕೇಳುತ್ತಲೇ ಇದ್ದಳು. ನಾನು ಹೇಳುತ್ತಲೇ ಇದ್ದೆ.

"ಎಷ್ಟೈತಿ?"

"ನೂರಾ ನಾಕು."

ಗಿರಣಿ ಯಾವಾಗ ದಾಟಿತೋ!

೨೦ ಮೇ, ಗುರುವಾರ

ಶಾಲೆಯ ಮೈದಾನದ ತನಕ. ರಜೆ, ಯಾರೂ ಇಲ್ಲ. ಒಂದು ಸುತ್ತು ಹಾಕಿದೆವು. ಇಪ್ಪತ್ತಾರು ನಿಮಿಷ. ಮೀನಾ ಹೇಳುವುದು ನೂರಾ ಆರು, ನೂರಾ ಎಂಟು. ಒಂದು ದಿನವೂ ನೂರಾ ಹತ್ತು ಮುಟ್ಟಿಲ್ಲ. ನನ್ನ ಎದೆಯ ಬಗ್ಗೆ ನನಗೇ ಮರುಕ ಬಂತು, ಪಾಪ, ಇಷ್ಟು ಚಲೋ ಇರುವುದನ್ನು ಎಷ್ಟು ಸಂಶಯಪಟ್ಟೆ.

೨೮ ಮೇ, ಶುಕ್ರವಾರ. ಬೆಳಗ್ಗೆ ೮.೩೦

ಗಡಿಯಾರದ ಸಮಯ ಎರಡು ನಿಮಿಷ ಹಿಂದಿತ್ತು. ಸರಿಮಾಡಲು ಹೋಗಿ, ಇಷ್ಟು ದಿನ ಮುಟ್ಟದ ಗುಂಡಿ ಒತ್ತಿದೆ. ಇವತ್ತು ನಡೆದದ್ದೆಲ್ಲ ಅದರೊಳಗಿತ್ತು. ಸಮಯ ೩೪ ನಿಮಿಷ. ಸರಾಸರಿ ೧೨೧. ಅತಿ ಹೆಚ್ಚು ೧೩೩.

ನೂರಾ ಮೂವತ್ಮೂರು. ಮತ್ತೆ ಒತ್ತಿದೆ. ಅದೇ.

ಮೀನಾ ಇವತ್ತು ಹೇಳಿದ್ದು ನೂರಾ ಏಳು.

ಕೂಗಿದೆ. ಏನೇನೋ ಕೂಗಿದೆ. ನನ್ನನ್ನು ಕೊಲ್ಲಬೇಕೆಂದಿದ್ದೀಯಾ ಎಂದೂ ಕೇಳಿದೆ. ಅವಳು ಗಡಿಯಾರ ಈಸಿಕೊಂಡು ಕಣ್ಣಿನಿಂದ ದೂರ ಹಿಡಿದಳು.

"ಚಾಳೀಸ ಇಲ್ಲದ ನನಗ ಆ ಸಣ್ಣ ಅಂಕಿ ಕಾಣೂದಿಲ್ಲರಿ. ನಡಿಯುವಾಗ ಒಂದು ದಿನಾನೂ ಕಂಡಿಲ್ಲ."

"ಮತ್ತ ಏನ್ ನೋಡಿ ಹೇಳತಿದ್ದಿ?"

"ನಿಮ್ಮ ಮಾರಿ ಕಡೆ ನೋಡಿ. ಮಾತು ಹರೀತಿತ್ತು, ಉಸಿರು ಕಟ್ಟತಿರಲಿಲ್ಲ. ತೇಕು ಬಂತಂದ್ರ ನಾ ಹೆಜ್ಜಿ ಸಾವಕಾಶ ಮಾಡತಿದ್ದೆ. ನೀವೂ ಮಾಡತಿದ್ರಿ. ಖರೇ ಅಂಕಿ ಹೇಳಿದ್ರ ನೀವು ಇವತ್ತಿಗೂ ಗಿರಣಿ ಮುಂದ ನಿಂತಿರತಿದ್ರಿ."

ಬೆಳಗಾವಿ ಡಾಕ್ಟರಿಗೆ ಫೋನ್ ಎತ್ತಿದೆ. ಏನೆಂದು ಹೇಳಲಿ? ದಿನಾ ದಾಟಿದೆ, ಗೊತ್ತಿರಲಿಲ್ಲ, ಏನೂ ಆಗಲಿಲ್ಲ... ಇಟ್ಟೆ.

೩೦ ಮೇ, ರವಿವಾರ. ಬೆಳಗ್ಗೆ ೫.೧೫

ನಿನ್ನೆ ನಡೆಯಲಿಲ್ಲ. ಒಬ್ಬನೇ ಗಡಿಯಾರ ಕಟ್ಟಿಕೊಂಡು ಗೇಟಿಗೆ ಹೋದೆ. ೯೮ಕ್ಕೇ ಕಾಲು ನಿಂತವು. ೧೩೩ಕ್ಕೆ ನಡೆದ ಕಾಲು ಇವೇ ಏನು?

ನಾಳೆ ಟ್ರೆಡ್‌ಮಿಲ್. ಅಲ್ಲಿ ಖರೇ ಅಂಕಿ, ಗೋಡೆಯಷ್ಟು ದೊಡ್ಡದು.

ಮೀನಾ ಬಾಗಿಲಲ್ಲಿ ನಿಂತಿದ್ದಾಳೆ. ಚಪ್ಪಲಿ ಮೆಟ್ಟಿದ್ದಾಳೆ. ಕೈ ಮುಂದೆ ಚಾಚಿದ್ದಾಳೆ, ಗಡಿಯಾರ ಕಟ್ಟಲು. "ಬರತೀರೋ ಇಲ್ಲೋ?"

ಚಾಳೀಸು ಅಲ್ಲೇ ಗೋಡೆಯ ಮಾಡಿನಲ್ಲಿದೆ, ಕೈಗೆಟಕುವಂತೆ. ಹಾಕಿಕೋ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಬೆಲ್ಟ್ ತೋಯಿಸಿ ಕಟ್ಟಿಕೊಂಡೆ. ಇವತ್ತು ಅವಳು ಎಷ್ಟು ಅನ್ನುತ್ತಾಳೋ ಅಷ್ಟೇ ನನ್ನ ಪಲ್ಸ್.