ಹದಿಮೂರನೇ ದಿನದ ಊಟಕ್ಕೆ ಮೂರು ಗಂಟೆಯ ಫೀಸು

ವಕೀಲರ ಫೀಸು ನ್ಯಾಯವೋ ಅನ್ಯಾಯವೋ ನೋಡಲೆಂದು ಸರ್ಕಾರ ಕೂರಿಸಿರುವ ಮಾನ್ಯ ಅಧಿಕಾರಿಗಳೇ,

ನಮ್ಮಪ್ಪ ಸತ್ತ ಹದಿಮೂರನೇ ದಿನ ನಮ್ಮ ಮನೆಗೆ ಬಂದು ಉಂಡು ಹೋದ ವಕೀಲರು, ಆ ಊಟಕ್ಕೆ ನಮ್ಮಿಂದಲೇ ನಲವತ್ತೈದು ಸಾವಿರ ಶಿಲ್ಲಿಂಗ್ ಕೇಳಿದ್ದಾರೆ. ಒಟ್ಟು ಬಿಲ್ಲು ಏಳು ಲಕ್ಷ ನಲವತ್ತು ಸಾವಿರ. ಅದನ್ನು ಕಟ್ಟುವವರೆಗೆ, ವಾರಸು ಕೇಸಿಗೆಂದು ನಾವು ಕೊಟ್ಟ ನ್ಗಾರಾದ ನಮ್ಮ ಫ್ಲ್ಯಾಟಿನ ಪತ್ರ ಅವರ ಕಪಾಟಿನಲ್ಲೇ ಇರುತ್ತದಂತೆ. ಕಟ್ಟಲಾಗದಿದ್ದರೆ ಫ್ಲ್ಯಾಟ್ ಮಾರಿಬಿಡಿ, ಕೊಳ್ಳುವವರನ್ನೂ ನಾವೇ ಹುಡುಕಿಕೊಡುತ್ತೇವೆ ಎಂದಿದ್ದಾರೆ. ಎಷ್ಟು ದಯಾಳುಗಳು ನೋಡಿ.

ಇದರ ಇಂಗ್ಲಿಷ್ ಪ್ರತಿಯನ್ನು ಫೆಬ್ರವರಿಯಲ್ಲೇ ನಿಮ್ಮ ಕಿಟಕಿಯಲ್ಲಿ ಕೊಟ್ಟಿದ್ದೇನೆ. ಮೂರು ಸಲ ಬಂದೆ, ಮೂರು ಸಲವೂ ಫೈಲು ಸಿಕ್ಕಿಲ್ಲ, ‘ಕೇಶೊ’ ಎಂದರು. ಕೇಶೊ ಎಂದರೆ ಇಲ್ಲಿನ ಭಾಷೆಯಲ್ಲಿ ನಾಳೆ. ನಿಮ್ಮ ಕಚೇರಿಯ ನಾಳೆ ಯಾವ ತಿಂಗಳಲ್ಲಿ ಬರುತ್ತದೆ ಎಂದು ಅಲ್ಲಿದ್ದವರಿಗೂ ಗೊತ್ತಿರಲಿಲ್ಲ. ನಿಮಗೆ ಬರುವ ಭಾಷೆಯಲ್ಲಿ ಬರೆದದ್ದನ್ನು ನೀವು ಓದಲಿಲ್ಲ. ಇನ್ನು ಬರದ ಭಾಷೆಯಲ್ಲಿ ಬರೆದರೆ ನಷ್ಟವೇನು? ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಯಲ್ಲಿ ಇದು ಅಚ್ಚಾದರೆ ಇಲ್ಲಿನ ನಮ್ಮ ಜನವಾದರೂ ಓದುತ್ತಾರೆ. ಇನ್ನೊಂದು ಮನೆಯಲ್ಲಿ ಹದಿಮೂರನೇ ದಿನ ಬರುವ ಮೊದಲು ಓದಲಿ.

ಅಪ್ಪ ಉಮಾಶಂಕರ ಇಂಡಸ್ಟ್ರಿಯಲ್ ಏರಿಯಾದ ಸೋಪಿನ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದರು. ಹೋದ ವರ್ಷ ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಬಾಯ್ಲರ್ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ಬಿಟ್ಟುಹೋದದ್ದು ಎರಡು ಕೋಣೆಯ ಫ್ಲ್ಯಾಟು, ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡು. ವಾರಸುದಾರರು ಅಮ್ಮ, ನಾನು, ತಂಗಿ ಪ್ರೇರಣಾ. ನಮ್ಮಲ್ಲಿ ಜಗಳವಿಲ್ಲ. ನಮ್ಮ ವಾರಸು ಅರ್ಜಿಯ ವಿಷಯ ಗೆಜೆಟ್ಟಿನಲ್ಲಿ ಹಾಕಿ ಮೂವತ್ತು ದಿನ ಕಾದರು, ಒಬ್ಬನೂ ಬಂದು ತಕರಾರು ಮಾಡಲಿಲ್ಲ. ಎದುರಾಳಿಯೇ ಇಲ್ಲದ ಕೇಸಿನಲ್ಲಿ ಇವರು ಇಷ್ಟೊಂದು ಹೊತ್ತು ಯಾರ ಜೊತೆ ಹೊಡೆದಾಡಿದರು?

ವಕೀಲರು ಪರಕೀಯರೇನಲ್ಲ. ದುಡ್ಡಿದ್ದವರ ಸ್ಪ್ರಿಂಗ್ ವ್ಯಾಲಿಯಲ್ಲಿ ಮನೆ, ಸಂಘದ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ. ಅಮ್ಮ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ವೈಕುಂಠ ಸಮಾರಾಧನೆಯ ದಿನ ಅವರಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿದೆವು. ಊಟವಾಗಿ ಕೈ ತೊಳೆದವರು ಅಡುಗೆಮನೆಯ ಬಾಗಿಲಿಗೆ ಬಂದರು, ಬಗಲಲ್ಲಿ ಒಂದು ಲಕೋಟೆ. ಎರಡನೇ ಪಂಕ್ತಿಗೆ ಹುಳಿ ತೋಡಿಕೊಡುತ್ತಿದ್ದ ಅಮ್ಮನನ್ನು ಕರೆದರು.

“ವಿಮಲಾ, ಇಲ್ಲೊಂದು ಸೈನ್ ಹಾಕಮ್ಮ. ಕೋರ್ಟಿನ ಕೆಲಸ, ಬೇಗ ಶುರುವಾದ್ರೆ ಒಳ್ಳೇದು.”

“ಅಣ್ಣಾ, ಇದಕ್ಕೆ ನಿಮ್ದು...” ಎಂದು ಅಮ್ಮ ಶುರು ಮಾಡಿದಳು.

“ದುಡ್ಡಿನ ಮಾತು ಇವತ್ತಾ? ಉಮಾಶಂಕರ ನನಗೆ ತಮ್ಮ ಇದ್ದಂಗೆ.”

ನಮ್ಮ ಎಲೆಯಲ್ಲಿ ಉಂಡವರನ್ನು, ಅದೂ ಸಾವಿನ ಮನೆಯಲ್ಲಿ, ರೇಟು ಎಷ್ಟು ಎಂದು ಕೇಳುವುದು ನಮ್ಮವರಿಗೆ ಗೊತ್ತಿಲ್ಲ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಮೂರು ಕಡೆ ಸಹಿ ಹಾಕಿದಳು. ಆ ಕಾಗದದಲ್ಲಿ ಗಂಟೆಗೆ ಹದಿನೈದು ಸಾವಿರ ಎಂದು ಬರೆದಿತ್ತು.

ಬಿಲ್ಲು ಬಂದಾಗ ಪ್ರೇರಣಾ ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. “ಹನ್ನೊಂದು ಮೇ, ಕಕ್ಷಿದಾರರ ಮನೆಯಲ್ಲಿ ಸಮಾಲೋಚನೆ, ಮೂರು ಗಂಟೆ.” ಅಮ್ಮ ಬೆರಳು ಮಡಿಚಿ ದಿನ ಎಣಿಸಿದಳು. ಆಮೇಲೆ ತೀರಾ ಮೆಲ್ಲಗೆ, “ಅವತ್ತು ಅವ್ರು ಊಟಕ್ಕೆ ಬಂದಿದ್ರಲ್ಲೇ” ಎಂದಳು. ಬೇರೆ ದಿನಗಳನ್ನೂ ನೋಡಿದೆವು. ಹೇಗಿದ್ದೀಯಮ್ಮ ಎಂದು ವಿಚಾರಿಸಲು ಬಂದು ಕಾಫಿ ಕುಡಿದ ಐದು ಸಂಜೆಗಳೂ ಸಮಾಲೋಚನೆಗಳೇ. ಅಮ್ಮ ಅತ್ತದ್ದಕ್ಕೂ ಗಂಟೆಯ ಲೆಕ್ಕ ಹಾಕಿದ್ದಾರೆ.

ನಾನು ಅವರ ಆಫೀಸಿಗೆ ಹೋಗಿ ಕೇಳಿದೆ. “ನೀನು ಎಷ್ಟನೇ ಕ್ಲಾಸಿಗೆ ಬಿಟ್ಟಿದ್ದು ಮರಿ? ಸೈನ್ ಹಾಕಿದ ಕಾಗದ ಅಂದ್ರೆ ಏನು ಗೊತ್ತಾ?” ಎಂದರು. ಫಾರ್ಮ್ ಟೂನಲ್ಲಿ, ಅಂದರೆ ಹತ್ತನೇ ಕ್ಲಾಸಿನಲ್ಲಿ, ಬಿಟ್ಟೆ ಎಂದೆ. ನಾಚಿಕೆಯೇನಿಲ್ಲ. ಕಿರಿನ್ಯಾಗಾ ರಸ್ತೆಯ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಜನ ಸಾಗಿಸುವ ಮಟಾಟು ವ್ಯಾನು ಬಂದು ನಿಂತರೆ ನಾವು ಮೊದಲು ರೇಟು ಹೇಳುತ್ತೇವೆ. ಡ್ರೈವರ್ ಹೂಂ ಎಂದ ಮೇಲೆಯೇ ಸ್ಪ್ಯಾನರ್ ಮುಟ್ಟುವುದು. ಬ್ರೇಕ್ ಪ್ಯಾಡ್ ಬದಲಾಯಿಸಿದರೆ ಸವೆದ ಹಳೆಯದನ್ನು ಅವನ ಕೈಗೇ ಕೊಡುತ್ತೇವೆ, ಮಾಡಿದ ಕೆಲಸ ಕಣ್ಣಿಗೆ ಕಾಣಲಿ ಎಂದು. ಕೊಡದಿದ್ದರೆ ನಮ್ಮನ್ನು ಕಳ್ಳರೆನ್ನುತ್ತಾರೆ, ಕಾಲರ್ ಹಿಡಿಯುತ್ತಾರೆ. ವಕೀಲರಿಗೆ ಹಾಗಲ್ಲ, ಅವರಿಗೆ ಕಾನೂನು ಗೊತ್ತು. ಹಾಗಾದರೆ ನನಗೊಂದು ಹೇಳಿ ಮಾನ್ಯರೇ. ಆ ಮೂರು ಗಂಟೆಯಲ್ಲಿ ಬದಲಾಯಿಸಿದ ಹಳೆಯ ಭಾಗ ಎಲ್ಲಿ? ಎಂಜಲೆಲೆ ಅಂದೇ ಎತ್ತಿ ಬಿಸಾಕಿದೆವು, ಇಲ್ಲದಿದ್ದರೆ ಅದನ್ನೇ ತಂದು ನಿಮ್ಮ ಮೇಜಿನ ಮೇಲೆ ಇಡುತ್ತಿದ್ದೆ.

ಫೀಸೇ ಕೊಡುವುದಿಲ್ಲ ಎನ್ನುತ್ತಿಲ್ಲ. ಅರ್ಜಿ ಬರೆದಿದ್ದಾರೆ, ಕೋರ್ಟಿಗೆ ಹೋಗಿದ್ದಾರೆ. ಅದಕ್ಕೆ ನಿಮ್ಮ ನಿಯಮದಲ್ಲಿ ಎಷ್ಟಿದೆಯೋ ಅಷ್ಟು ಹೇಳಿ, ಕೊಡುತ್ತೇವೆ. ನಾನು ಕೇಳುವುದು ಇಷ್ಟು. ಅಮ್ಮ ಸಹಿ ಮಾಡಿದ ಮೂಲ ಕಾಗದವನ್ನೇ ತರಿಸಿ. ಅವರು ಕೊಡುವ ಜೆರಾಕ್ಸ್ ಬೇಡ, ಅದರಲ್ಲಿ ಬರೀ ಕಪ್ಪು ಚುಕ್ಕೆ ಕಾಣುತ್ತದೆ. ಮೂಲದ ಮೂರನೇ ಪುಟದಲ್ಲಿ, ಸಹಿಯ ಪಕ್ಕ, ಹುಳಿಯ ಕಲೆಯ ಬೆರಳಿನ ಗುರುತಿದೆ. ಅಂದು ನಮ್ಮ ಮನೆಯಲ್ಲಿ ನಡೆದದ್ದು ಏನೆಂದು ಅದಕ್ಕಿಂತ ಚೆನ್ನಾಗಿ ಹೇಳುವ ಸಾಕ್ಷಿ ನನ್ನ ಹತ್ತಿರ ಇಲ್ಲ. ಅದನ್ನು ನೋಡಿದ ಮೇಲೆ ಹನ್ನೊಂದು ಮೇ ಎಂಬ ಸಾಲನ್ನು ಎಲ್ಲಕ್ಕಿಂತ ಮೊದಲು ಹೊಡೆದುಹಾಕಿ. ನಮ್ಮ ಮನೆಯ ಪತ್ರ ವಾಪಸು ಕೊಡಿಸಿ.

ಮುಂದಿನ ತಿಂಗಳು ಅಪ್ಪನ ವರ್ಷದ ತಿಥಿ. ಅದು ಅವರ ಮನೆಯಲ್ಲೇ ಆಗಬೇಕು, ಅಷ್ಟರೊಳಗೆ ನಿಮ್ಮ ನಾಳೆ ಬರಲಿ. ಮೊನ್ನೆ ಅಮ್ಮ ಕರೆಯಬೇಕಾದವರ ಪಟ್ಟಿ ಬರೆಸುತ್ತಿದ್ದಳು. ವಕೀಲರ ಹೆಸರು ಬಂತು. “ಕರೀದಿದ್ರೆ ಜನ ಏನಂತಾರೋ” ಎಂದಳು. ಬರೆಯಲೇ, ಬೇಡವೇ ಎಂದು ಕೇಳಿದೆ. ಆಕೆ ತಿರುಗಿ ನನ್ನನ್ನೇ ಕೇಳಿದಳು, “ಊಟ ಬೇಗ ಮುಗಿಸಿದ್ರೆ ಒಂದು ಗಂಟೆದು ಮಾತ್ರ ಹಾಕ್ತಾರೇನೋ?”

ಇಂತಿ,
ಅಂದು ಅವರಿಗೆ ಎರಡೆರಡು ಸಲ ಪಾಯಸ ಬಡಿಸಿದ,
ನಂದನ್ ಉಮಾಶಂಕರ
ನ್ಗಾರಾ, ಮಾರ್ಚ್ 2007