ನೆಲದಿಂದ ಆರಿಸಿದ ಬೀಜ

ಫೆಬ್ರವರಿ 3, ಬೆಳಿಗ್ಗೆ 8

ಒತ್ತಿಟ್ಟ ಗಿಡಗಳ ಬ್ಲಾಟಿಂಗ್ ಪೇಪರ್ ಬದಲಾಯಿಸಿದೆ. ಎರಡಕ್ಕೆ ಬೂಷ್ಟು. ನಿವೃತ್ತಿಯಾಗಿ ಏಳು ವರ್ಷವಾದರೂ ಈ ಚಟ ಬಿಟ್ಟಿಲ್ಲ. ಮೇಜಿನ ಆ ತುದಿಯಲ್ಲಿ ಇವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚಿ ಕೂತಿದ್ದಾರೆ. ಅಂಗಡಿ ಮುಚ್ಚಿ ಮೂರು ವರ್ಷ. ಆದರೂ ರಿಪೇರಿ ಇವರನ್ನು ಮನೆಗೇ ಹುಡುಕಿಕೊಂಡು ಬರುತ್ತದೆ. ನನ್ನನ್ನು ಹುಡುಕಿಕೊಂಡು ಬರುವುದು ಬರೀ ಬೂಷ್ಟು.

ಗುಬ್ಬಿಯ ಮೇಲ್ ಬಂದಿದೆ. ತೆರೆದಿಲ್ಲ. ಒಂದು ಕಾಲಕ್ಕೆ ನನ್ನ ಹಿಂದೆ ಹಾಳೆ ಹೊತ್ತು ಓಡಾಡುತ್ತಿದ್ದ ಶಿಷ್ಯೆ. ಈಗ ನಾನು ಕೂತಿದ್ದ ಕುರ್ಚಿಯಲ್ಲೇ ಕೂತು ಒಣಗಿಡಗಳ ಸಂಗ್ರಹಾಲಯ ನಡೆಸುತ್ತಾಳೆ. ಅವಳ ಮೇಲ್ ಬಂತೆಂದರೆ ನನ್ನ ಗಿಡವೊಂದು ಮುಳುಗಿತು ಎಂದೇ ಅರ್ಥ.

ಇಡೀ ಜೀವಮಾನದಲ್ಲಿ ಒಂಬತ್ತು ಹೊಸ ಗಿಡಗಳಿಗೆ ಹೆಸರಿಟ್ಟೆ. ಎಂಟು ಹೋದವು. ಹೊಸದಲ್ಲ, ಇದಕ್ಕೆ ಹಿಂದೆಯೇ ಯಾರೋ ಹೆಸರಿಟ್ಟಿದ್ದಾರೆ — ಎಂದು ಎಂಟು ಸಲ ಅಚ್ಚಾಯಿತು. ಉಳಿದಿರುವುದು ಒಂದೇ ಒಂದು. ಒದ್ದೆ ಬಂಡೆಯ ಮೇಲೆ ಬೆಳೆಯುವ ಗೇಣುದ್ದದ ಗಿಡ. ಅದರ ಲ್ಯಾಟಿನ್ ಹೆಸರಿನ ಎರಡನೇ ಪದ ಇವರ ಹೆಸರು.

ಅದೇ ದಿನ, 11 ಗಂಟೆ

ತೆರೆದೆ. ತೆರೆಯಬಾರದಿತ್ತು.

"ಮೇಡಂ, ನೀವು ಬಂಡೆ ಗಿಡ ಒಣಗಿಸಿ ಅಂಟಿಸಿದ ಮೂಲ ಹಾಳೆಯ ಲಕೋಟೆಯಲ್ಲಿ ಐದು ಬೀಜ ಇವೆ. ಅವು ಆ ಗಿಡದ್ದಲ್ಲ ಅನ್ಸುತ್ತೆ. ಬೀಜ ಬಿಟ್ರೆ ಆ ಗಿಡಕ್ಕೂ ಮಾಮೂಲಿ ಗಿಡಕ್ಕೂ ಏನೂ ವ್ಯತ್ಯಾಸ ಇಲ್ಲ. ಗಿಡದಲ್ಲಿದ್ದ ಕಾಯಿ ಬಿಡಿಸಿಯೇ ತೆಗೆದದ್ದು ಅಂತ ನೀವು ಒಂದು ಸಾಲು ಬರೆದ್ರೆ ಸಾಕು, ನಾನು ನಂಬ್ತೀನಿ. ಹೆಸರು ಉಳಿಯುತ್ತೆ. ಆ ವರ್ಷದ ಫೀಲ್ಡ್ ನೋಟ್‌ಬುಕ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಮತ್ತೆ ಹೋಗಿ ನೋಡೋಣ ಅಂದ್ರೆ ಅಲ್ಲೀಗ ಕಲ್ಲು ಕ್ವಾರಿ."

ಅನ್ಸುತ್ತಂತೆ! ಆ ಬೀಜದ ಮೇಲಿನ ರೋಮದ ಬಗ್ಗೆಯೇ ಮೂರು ಪುಟ ಬರೆದಿದ್ದೇನೆ. ಇವಳಿಗೆ ಬೀಜ ನೋಡುವುದನ್ನು ಕಲಿಸಿದವಳೇ ನಾನು. ಒಮ್ಮೆ ನೆಲದಿಂದ ಆರಿಸಿಕೊಂಡು ಬಂದಿದ್ದಳು. ಇಡೀ ಲ್ಯಾಬಿನೆದುರು ಅವಳ ಹಾಳೆ ಹರಿದು ಹಾಕಿದ್ದೆ. "ಗಿಡದಿಂದ ಕೀಳು! ನೆಲದ ಮೇಲೆ ಊರಿನ ಗಿಡವೆಲ್ಲ ಉದುರಿಸಿರುತ್ತೆ" ಎಂದು ಕೂಗಾಡಿದ್ದೆ. ಗಳಗಳನೆ ಅತ್ತಿದ್ದಳು. ಆಮೇಲೆ ಆ ತಪ್ಪು ಮಾಡಲಿಲ್ಲ. ಈಗ ನನಗೇ ಪಾಠ ಹೇಳಲು ಬಂದಿದ್ದಾಳೆ.

ಫೆಬ್ರವರಿ 5

ಕಪಾಟು, ಟ್ರಂಕು, ಮಂಚದ ಕೆಳಗೆ — ಎಲ್ಲ ತಡಕಾಡಿದೆ. ಮೂವತ್ತೆಂಟು ವರ್ಷದ ನೋಟ್‌ಬುಕ್ಕುಗಳಿವೆ. ಆ ಒಂದು ವರ್ಷದ್ದು ಮಾತ್ರ ಇಲ್ಲ. ನನ್ನ ಹಣೆಬರಹ.

"ಮನೆ ಬದಲಾಯಿಸುವಾಗ ಡಬ್ಬ ಕಟ್ಟಿದ್ದು ನೀವೇ ಅಲ್ವಾ?" ಎಂದೆ.

"ನಿನ್ನ ಪುಸ್ತಕ ಮುಟ್ಟೋ ಧೈರ್ಯ ನನಗೆಲ್ಲಿಂದ ಬರ್ಬೇಕು ಮಹಾತಾಯಿ? ಸಿಗುತ್ತೆ ಬಿಡು, ಅದೇನು ಕಾಲು ಬಂದು ಓಡಿಹೋಗಿದೆಯಾ? ಅಟ್ಟ ನೀನು ಹತ್ತಬೇಡ, ಮಂಡಿ ನೋವು ಅಂತೀಯ. ನಾನು ನೋಡ್ತೀನಿ."

ಒಂದು ಗಂಟೆ ಮೇಲಿದ್ದರು. ತಲೆ ತುಂಬ ದೂಳು ಮಾಡಿಕೊಂಡು ಇಳಿದರು. "ಇಲ್ಲ ಕಣೇ" ಎಂದರು. ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು. ಒಂದು ಕೆಲಸ ನೆಟ್ಟಗೆ ಮಾಡಲು ಬರುವುದಿಲ್ಲ ಈ ಮನುಷ್ಯನಿಗೆ.

ಫೆಬ್ರವರಿ 6, ಬೆಳಿಗ್ಗೆ

ಬರೆದೆ: "ಬೀಜಗಳನ್ನು ಗಿಡದಲ್ಲಿದ್ದ ಕಾಯಿಯಿಂದಲೇ ಬಿಡಿಸಿದ್ದು." ಒಂದೇ ಸಾಲು. ಕಳಿಸಲಾಗಲಿಲ್ಲ. ಮೂವತ್ತೊಂದು ವರ್ಷದ ಹಿಂದಿನ ಮಾತು... ಬಂಡೆ ನೆನಪಿದೆ. ಜಾರಿ ಮೊಣಕೈ ತರಚಿದ್ದು ನೆನಪಿದೆ. ಇವರೂ ಜೊತೆಗೆ ಬಂದಿದ್ದರು. ಕಾಯಿ? ಹೌದೆನ್ನಲು ನೆನಪಿಲ್ಲ. ಅಲ್ಲವೆನ್ನಲು ಮನಸ್ಸಿಲ್ಲ.

ಸಂಜೆ 4

ಟೀ ಕುಡಿಯುವಾಗ ಬಾಯಿ ತಡೆಯಲಿಲ್ಲ. "ಒಂದು ಸುಳ್ಳು ಬರೆದ್ರೆ ಸಾಕು ರೀ, ನಿಮ್ಮ ಹೆಸರು ಉಳಿಯುತ್ತೆ" ಎಂದೆ.

ಇವರು ಕಪ್ಪು ಕೆಳಗಿಟ್ಟರು. "ಬರೀಬೇಡ. ಆ ಬೀಜ ನಾನೇ ಹಾಕಿದ್ದು. ನಿನ್ನ ಲಕೋಟೆ ಕೈಜಾರಿ ಎಲ್ಲ ಚೆಲ್ಲಿಹೋಯ್ತು. ಬೈತೀಯ ಅಂತ ನೆಲದ ಮೇಲಿದ್ದಿದ್ದು ಆರಿಸಿ ತುಂಬಿಬಿಟ್ಟೆ."

ಮೈಯೆಲ್ಲ ಉರಿದುಹೋಯಿತು. ಮೂವತ್ತೊಂದು ವರ್ಷ ಬಾಯಲ್ಲಿ ಅವಲಕ್ಕಿ ಹಾಕಿಕೊಂಡಿದ್ದರೇ? ಆ ಬೀಜ ತೋರಿಸಿ ಎಷ್ಟು ಸಭೆಗಳಲ್ಲಿ ಭಾಷಣ ಮಾಡಿದೆ! ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದವರು ಇವರೇ. ಬಾಯಿಗೆ ಬಂದಂತೆ ಬೈದೆ. ಇವರು ಎರಡೂ ಕಪ್ಪು ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಫೆಬ್ರವರಿ 19

ಹದಿಮೂರು ದಿನದಿಂದ ಮಾತಿಲ್ಲ. "ಊಟ." "ಕೀ ಎಲ್ಲಿ?" ಅಷ್ಟೇ.

ಇವತ್ತು ಗುಬ್ಬಿಗೆ ಬರೆದೆ. ಬೀಜ ನೆಲದ್ದೇ. ಜೊತೆಗೆ ಬಂದಿದ್ದ ನನ್ನ ಯಜಮಾನರು ನನಗೆ ತಿಳಿಸದೆ ಹಾಕಿದ್ದು. ನನ್ನ ಕೈತಪ್ಪಲ್ಲ. ಹಾಗೆಂದೇ ಅಚ್ಚಾಗಲಿ. ಕಳಿಸುವ ಮುಂಚೆ ಇವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ — ಚುಚ್ಚಲಿ ಎಂದೇ ಓದಿದ್ದು. "ಸರಿಯಾಗಿದೆ" ಎಂದರು. ಮತ್ತೆ ಗಡಿಯಾರಕ್ಕೆ ತಲೆ ಬಗ್ಗಿಸಿದರು.

ಸೋಮವಾರ ಹತ್ತಕ್ಕೆ ಗುಬ್ಬಿಯ ಲೇಖನ ಪ್ರೆಸ್ಸಿಗೆ ಹೋಗುತ್ತದಂತೆ. ಒಂಬತ್ತಕ್ಕೆ ಒಂಬತ್ತೂ ಮುಗಿಯಿತು. ಕಾಡು ಮೇಡು ಅಲೆದು, ಜಿಗಣೆ ಕಚ್ಚಿಸಿಕೊಂಡು, ಜೀವಮಾನವಿಡೀ ಮಾಡಿದ ಕೆಲಸ ಸೊನ್ನೆ. ತಪ್ಪು ನನ್ನದಲ್ಲ ಎಂಬುದೊಂದೇ ಸಮಾಧಾನ.

ಫೆಬ್ರವರಿ 22, ಭಾನುವಾರ, ಸಂಜೆ 5

ಅಕ್ಷರ ಸೊಟ್ಟಗಾಗುತ್ತಿದೆ. ಆಗಲಿ.

ಗೋಡೆ ಗಡಿಯಾರ ನಿಂತಿತ್ತು. ಇವರು ವಾಕಿಂಗ್ ಹೋಗಿದ್ದರು. ಕೇಳಬೇಕೆಂದರೆ ಮಾತಾಡಬೇಕಲ್ಲ, ನಾನೇ ಸೆಲ್ ಹಾಕೋಣ ಎಂದು ಇವರ ಡ್ರಾಯರ್ ಎಳೆದೆ. ವಾಚಿನ ಬೆಲ್ಟುಗಳ ಕಟ್ಟು. ಅದರಡಿಯಲ್ಲಿ ಹಸಿರು ರಟ್ಟಿನ ನೋಟ್‌ಬುಕ್. ದೂಳು ಒರೆಸಿ ಇಟ್ಟಿದ್ದರು.

ನಂಬರ್ 412, ಆ ಬಂಡೆಯ ಗಿಡ. ನನ್ನದೇ ಅಕ್ಷರ.

"ಕಾಯಿ ಸಿಡಿದು ಖಾಲಿ. ಬೀಜ ಬುಡದ ನೆಲದಿಂದ ಆರಿಸಿದೆ, ಐದು. ಇದರದ್ದೇ ಇರಬೇಕು. ಕೊನೆಯ ಬಸ್ಸಿಗೆ ಹೊತ್ತಾಯಿತು. ಇವರಿಗೆ ಜ್ವರ, ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿಸಿ ಒಬ್ಬಳೇ ಬಂದಿದ್ದೇನೆ."

ಇದರದ್ದೇ ಇರಬೇಕು! ಬೇರೆ ಯಾರಾದರೂ ಹೀಗೆ ಬರೆದಿದ್ದರೆ ನಾನು ಸುಮ್ಮನೆ ಬಿಡುತ್ತಿದ್ದೆನೇ?

ಇವರು ಬಂಡೆಯ ಹತ್ತಿರವೇ ಬಂದಿರಲಿಲ್ಲ. ಬೆಂಚಿನ ಮೇಲೆ ನಡುಗುತ್ತಾ ಮಲಗಿದ್ದರು. ಜ್ವರದಲ್ಲೂ ಜೊತೆಗೆ ಬಂದರಲ್ಲ ಎಂದೇ ಗಿಡಕ್ಕೆ ಇವರ ಹೆಸರಿಟ್ಟದ್ದು. ಅದನ್ನೂ ಮರೆತಿದ್ದೆ. ಥೂ ನನ್ನ ಜನ್ಮಕ್ಕೆ.

ಅದೇ ದಿನ, ಸಂಜೆ 6

ಬಂದರು. ತೆರೆದ ಡ್ರಾಯರ್ ನೋಡಿದರು. ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

"ಯಾಕ್ರೀ ಹೀಗೆ ಮಾಡಿದ್ರಿ?"

"ಅಟ್ಟದಲ್ಲೇ ಓದಿದೆ ಕಣೇ. ಎಂಟು ಹೋದಾಗ್ಲೂ ನೀನು ಯಾರ್ಯಾರನ್ನೋ ಬೈಕೊಂಡು ಗಟ್ಟಿಯಾಗಿದ್ದೆ. ಇದಕ್ಕೆ ನಿನ್ನನ್ನೇ ಬೈಕೋಬೇಕಾಗುತ್ತೆ. ನಿನ್ನ ಬೈಗುಳ ನಿನಗೆ ತಡೆಯೋಕಾಗಲ್ಲ. ನನಗಾದ್ರೆ ಅಭ್ಯಾಸ ಇದೆ."

"ಹದಿನಾರು ದಿನ ಮಾತು ಬಿಟ್ಟೆನಲ್ರೀ!"

"ಮನೆ ಒಂಚೂರು ತಣ್ಣಗಿತ್ತು. ನಾಲ್ಕು ವಾಚು ರಿಪೇರಿ ಆಯ್ತು."

ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ. ಆಮೇಲೆ ಇವರೇ ಮೆತ್ತಗೆ ಹೇಳಿದರು: "ಈಗೇನು? ಅದನ್ನ ವಾಪಸ್ ಅಲ್ಲೇ ಇಟ್ಬಿಡು. ನನ್ನ ಮೇಲೇ ಇರ್ಲಿ. ಗಡಿಯಾರದವನಿಗೆ ಗಿಡದ ವಿಷ್ಯ ಗೊತ್ತಿರ್ಲಿಲ್ಲ ಅಂದ್ರೆ ಯಾರು ಏನಂತಾರೆ?"

ಒಂದು ಗಳಿಗೆ... ಸುಳ್ಳು ಯಾಕೆ ಬರೆಯಲಿ, ಒಂದು ಗಳಿಗೆ ಇಟ್ಟುಬಿಡೋಣ ಅನ್ನಿಸಿತು.

ಫೆಬ್ರವರಿ 23, ಬೆಳಿಗ್ಗೆ 9

ಗುಬ್ಬಿಗೆ ಫೋನ್ ಮಾಡಿದೆ. ನಂಬರ್ 412 ಓದಿ ಹೇಳಿದೆ. ಜ್ವರ, ಬೆಂಚು — ಎಲ್ಲ ಸೇರಿಸಿ.

"ಮೇಡಂ... ಯಾರು ಆರಿಸಿದ್ದು ಅಂತ ಬರೀದೇ ಇದ್ರೂ ಆಗುತ್ತೆ. 'ನೆಲದಿಂದ ಆರಿಸಿದ್ದು' ಅಂದ್ರೆ ಸಾಕು."

"ನನ್ನ ಹೆಸರು ಬರಿ. ಅವರ ವಿಷ್ಯ ಪೂರ್ತಿ ತೆಗೆ."

"ಸರಿ ಮೇಡಂ."

"ನಿನ್ನ ಹಾಳೆ ಹರಿದಿದ್ದೆ ಅಲ್ವಾ ಅವತ್ತು."

"ಅದನ್ನ ಅಂಟಿಸಿ ಇಟ್ಕೊಂಡಿದ್ದೀನಿ. ಹೊಸದಾಗಿ ಸೇರೋರಿಗೆ ತೋರಿಸ್ತೀನಿ, ಹೀಗೆ ಮಾಡಬಾರದು ಅಂತ."

"ಇನ್ಮೇಲೆ ನನ್ನದನ್ನೂ ಪಕ್ಕದಲ್ಲಿಟ್ಟು ತೋರಿಸು" ಎಂದೆ. ಅವಳು ಅಳುತ್ತಿದ್ದಳು ಅನಿಸುತ್ತದೆ. ನನಗೆ ಕೇಳಿಸಿಕೊಳ್ಳಲಾಗಲಿಲ್ಲ, ಫೋನಿಟ್ಟೆ.

10 ಗಂಟೆ

ಇಷ್ಟು ಹೊತ್ತಿಗೆ ಪ್ರೆಸ್ಸಿಗೆ ಹೋಗಿರುತ್ತದೆ. ಇನ್ನು ಆ ಹೆಸರಿನ ಗಿಡ ಜಗತ್ತಿನಲ್ಲಿಲ್ಲ. ಸಂಕಟವಿದೆ, ಇಲ್ಲವೆನ್ನುವುದಿಲ್ಲ.

ಹೆಸರಿನವರು ಮಾತ್ರ ಮೇಜಿನ ಆ ತುದಿಯಲ್ಲಿ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದಾರೆ. ಮದುವೆಯಾದಾಗಿನಿಂದ "ರೀ" ಎಂದೇ ಕರೆದು ಅಭ್ಯಾಸ. ಆ ಹೆಸರನ್ನು ಲ್ಯಾಟಿನ್ನಿನಲ್ಲಿ ಎಷ್ಟು ಸಲ ಬರೆದೆನೋ, ಬಾಯಿಬಿಟ್ಟು ಒಂದು ಸಲವೂ ಹೇಳಿದವಳಲ್ಲ. ಈಗ ಹೇಳಿದೆ, ಇಲ್ಲಿಂದಲೇ, ಬರೆಯುತ್ತಲೇ.

ತಲೆ ಎತ್ತಿದರು. ಕಣ್ಣಲ್ಲಿ ಭೂತಗನ್ನಡಿ ಹಾಗೇ ಇದೆ. "ಯಾರನ್ನ ಕರೆದಿದ್ದು?" ಎನ್ನುತ್ತಿದ್ದಾರೆ. ಪೆನ್ನಿಟ್ಟು, ಹತ್ತಿರ ಹೋಗಿ ಇನ್ನೊಂದು ಸಲ —