ಮೇಸ್ತ್ರಿಯ ಬಲಗೈ

ಭಾನುವಾರ, ಮಧ್ಯಾಹ್ನ

ಗುಬ್ಬಿಗೆ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. 'ಮಾನ್ಯ' ಎಂದರೆ ಬ್ಯಾಂಕಿನವರು ಬರೆದ ಹಾಗಿರುತ್ತದೆ. ಅದಕ್ಕೇ ಬರೀ ಗುಬ್ಬಿ. ಈ ಹೆಸರು ಇಟ್ಟವರು ನನ್ನ ಗಂಡ. ಅಷ್ಟು ದೊಡ್ಡ ಕ್ರೇನಿನ ಕ್ಯಾಬಿನ್ನಿನಲ್ಲಿ ನೀನು ಕೂತರೆ ತಂತಿಯ ಮೇಲೆ ಗುಬ್ಬಿ ಕೂತ ಹಾಗೆ ಕಾಣುತ್ತೀಯಂತೆ. ಅದೇ ಸೀಟಿನಲ್ಲಿ ವರ್ಷಗಟ್ಟಲೆ ನಾನು ಕೂತಿದ್ದೆ. ನಾನು ಯಾವ ಹಕ್ಕಿಯ ಹಾಗೂ ಕಾಣಲಿಲ್ಲವೋ ಏನೋ, 'ಏಯ್' ಬಿಟ್ಟು ಬೇರೆ ಹೆಸರು ನನಗೆ ಸಿಗಲಿಲ್ಲ.

ಮಂಗಳವಾರದಿಂದ ನಿನ್ನ ಫೋನು ಆಫ್ ಆಗಿದೆ. ನೀನು ತಾಯಿಯ ಮನೆಗೆ ಹೋಗಿದ್ದೀಯ ಎಂದು ಮ್ಯಾನೇಜರ್ ಹೇಳಿದರು. ಸಂಜೆ ಮ್ಯಾನೇಜರೇ ಈ ಕಾಗದ ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ. ಅವರು ಹೇಳುವುದನ್ನು ಕೇಳುವ ಮೊದಲು ನೀನು ಇದನ್ನು ಓದಬೇಕು. ನಿನಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿವೆ, ಬೇಜಾರು ಮಾಡಿಕೊಳ್ಳಬೇಡ. ನಾನು ಕಂಡ ಹಾಗೆ ಹೇಳಿಕೊಂಡು ಹೋದರೆ ಮಾತ್ರ ನನಗೆ ಬರೆಯಲು ಬರುತ್ತದೆ.

ಮಂಡಿಯ ಆಪರೇಷನ್ ಆಗಿ ನಾನು ಮನೆಯಲ್ಲಿ ಕಾಲು ಚಾಚಿ ಕೂತಾಗ ನನ್ನ ಜಾಗಕ್ಕೆ ನೀನು ಬಂದೆ. ಮೊದಮೊದಲು ನಿನ್ನ ಬಗ್ಗೆ ನನಗೇನೂ ಅನ್ನಿಸಿರಲಿಲ್ಲ. ಆಮೇಲೆ ರಾತ್ರಿಯ ಊಟಕ್ಕೆ ನೀನೂ ಬರತೊಡಗಿದೆ. ತಟ್ಟೆ ಹಾಕುತ್ತಿದ್ದದ್ದು ಇಬ್ಬರಿಗೆ, ಮಾತೆಲ್ಲ ಮೂರನೆಯವಳದು. ಗುಬ್ಬಿ ಇವತ್ತು ಆ ಕಂಚಿನ ಕುದುರೆಯನ್ನ ಹೇಗೆ ಕೂರಿಸಿದಳು ಗೊತ್ತಾ, ಗುಬ್ಬಿಗೆ ಗಾಳಿ ಎಲ್ಲಿಂದ ಬರುತ್ತೆ ಅಂತ ಮೊದಲೇ ತಿಳಿಯುತ್ತೆ, ಗುಬ್ಬಿ ಹಾಗೆ, ಗುಬ್ಬಿ ಹೀಗೆ. ತುತ್ತು ಹಿಡಿದ ಕೈಯಲ್ಲೇ ಸನ್ನೆ ಮಾಡಿ ತೋರಿಸುತ್ತಿದ್ದರು. ನಾನು ಕೆಲಸ ಮಾಡುತ್ತಿದ್ದಾಗ ಅವರ ಮೆಚ್ಚುಗೆ ಎಂದರೆ ಕ್ರೇನಿನ ಬಾಗಿಲಿಗೆ ಒಂದು ತಟ್ಟು, ಅಷ್ಟೇ. ಆ ತಟ್ಟಿಗೇ ನಾನು ಇಡೀ ದಿನ ಉಬ್ಬಿಕೊಂಡಿರುತ್ತಿದ್ದೆ.

ನೀನು ಅವರನ್ನು ಬುಟ್ಟಿಗೆ ಹಾಕಿಕೊಂಡೆ ಎಂದು ನಾನು ಅಂದುಕೊಳ್ಳಲಿಲ್ಲ. ಹಾಗಿದ್ದಿದ್ದರೆ ಸುಲಭವಾಗುತ್ತಿತ್ತು, ಬಂದು ಜಗಳ ಆಡಬಹುದಿತ್ತು. ನನ್ನ ಹೊಟ್ಟೆ ಉರಿಸಿದ್ದು ಅವರ ಕೈ. ಎಷ್ಟೋ ಟನ್ ಕಲ್ಲು ತೂಗುತ್ತಿರುವಾಗ ಮೇಲೆ ಕೂತವಳು, ಕೆಳಗೆ ನಿಂತು ಸನ್ನೆ ಕೊಡುವವನು, ಅವನ ಬೆರಳು ಅಲ್ಲಾಡಿದರೆ ಇವಳ ಕೈಯ ಲಿವರ್ ಅಲ್ಲಾಡುತ್ತದೆ. ಗಂಡ ಹೆಂಡತಿಯಾಗಿ ನಾವು ಅಷ್ಟು ಚೆನ್ನಾಗಿ ಎಂದೂ ಮಾತಾಡಿದವರಲ್ಲ. ಆ ಕೈ ಈಗ ಬೇರೊಬ್ಬಳ ಜೊತೆ ಮಾತಾಡುತ್ತದೆ ಎಂದರೆ ಹೇಗಾಗಬೇಡ ಹೇಳು.

ಮಂಗಳವಾರ ನಾನು ಕೆಲಸದ ಜಾಗಕ್ಕೆ ಬಂದದ್ದು ಊಟದ ಡಬ್ಬಿಯ ನೆಪ ಮಾಡಿಕೊಂಡು. ಅವರು ಬೆಳಿಗ್ಗೆಯೇ ಡಬ್ಬಿ ತೆಗೆದುಕೊಂಡು ಹೋಗಿದ್ದರು, ನಾನು ಇನ್ನೊಂದು ಕಟ್ಟಿಕೊಂಡು ಬಂದೆ. ಹಳೇ ರೈಲ್ವೆ ಸ್ಟೇಷನ್ನಿನ ಗೋಡೆ ಆ ದಿನ ಹೊಸ ಮ್ಯೂಸಿಯಮ್ಮಿಗೆ ಬರುತ್ತದೆ, ನೀನು ಅದನ್ನು ಇಳಿಸುತ್ತೀಯ ಎಂದು ಗೊತ್ತಿತ್ತು. ಆ ಗೋಡೆ ನನಗೆ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ರೈಲಿಗೆ ಕಾಯುತ್ತಾ ನೋಡುತ್ತಿದ್ದ ಚಿತ್ರ ಅದು: ಹಾಸಿಗೆ, ಹಂಡೆ, ಮಕ್ಕಳನ್ನೆಲ್ಲ ಹೊತ್ತುಕೊಂಡು ಹೊಳೆ ದಾಟುತ್ತಿರುವ ಜನ. ಬರೆದವಳು ಯಾವತ್ತೋ ಹೋದಳು. ಸ್ಟೇಷನ್ ಕೆಡವುವಾಗ ಗೋಡೆಯನ್ನು ಮೂರು ತುಂಡು ಮಾಡಿ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು ಉಳಿಸಿಕೊಂಡರು. ಒಡೆದರೆ ಮತ್ತೆ ಬರೆಯುವವರಿಲ್ಲ.

ಮೊದಲನೇ ತುಂಡನ್ನು ನೀನು ತುಂಬಿದ ಹಾಲಿನ ಪಾತ್ರೆ ಎತ್ತಿದ ಹಾಗೆ ಟ್ರೈಲರಿನಿಂದ ಎತ್ತಿದೆ. ಒಂದು ಕಡೆಯೂ ವಾಲಲಿಲ್ಲ. ಏನಾದರೂ ತಪ್ಪು ಮಾಡು, ಸಣ್ಣದಾದರೂ ಮಾಡು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಇನ್ನೂ ಸೂರು ಹಾಕದ ಮ್ಯೂಸಿಯಮ್ಮಿನ ಕೋಣೆಯ ಗೋಡೆಗಳ ನಡುವೆ ವಾಕಿಟಾಕಿ ಬರೀ ಕರಕರ ಎನ್ನುತ್ತಿತ್ತು. ಅದಕ್ಕೆ ಅವರು ಕೋಣೆಯ ಗೋಡೆಯ ಮೇಲೆ ನಿಂತು ಕೈಸನ್ನೆಯಲ್ಲೇ ಇಳಿಸಲು ಹೇಳುತ್ತಿದ್ದರು. ಚೌಕಟ್ಟಿನ ಕೆಳಮೂಲೆ ಅದನ್ನು ಕೂರಿಸಬೇಕಾದ ಕಟ್ಟೆಯ ಅಂಚಿಗೆ ಬಂದಾಗ ಅವರ ಬಲಗೈ ಚಾಚಿತು. ನೀನು ಇಳಿಸುತ್ತಲೇ ಇದ್ದೆ. ನಾನು ಡಬ್ಬಿಯನ್ನೂ ಊರುಗೋಲನ್ನೂ ಕೈಬಿಟ್ಟು ಎರಡೂ ತೋಳು ಅಗಲಿಸಿ ಬೀಸಿದೆ.

ನಿಲ್ಲಿಸು ಎಂದು ದಾರಿಹೋಕ ಸನ್ನೆ ಮಾಡಿದರೂ ನಿಲ್ಲಿಸಬೇಕು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ನೀನು ನಿಲ್ಲಿಸಿದೆ. ಜನರ ಮಧ್ಯೆ ಕೋಲು ಊರಿಕೊಂಡು ನಿಂತಿದ್ದ ನನ್ನನ್ನು ಅದು ಹೇಗೆ ಕಂಡೆಯೋ! ನಾನಾಗಿದ್ದರೆ ಕಾಣುತ್ತಿರಲಿಲ್ಲ. ನನ್ನ ಕಣ್ಣು ಅವರ ಕೈ ಬಿಟ್ಟು ಆಚೆ ಈಚೆ ಹೋದದ್ದೇ ಇಲ್ಲ. ಅಷ್ಟರಲ್ಲಿ ಚೌಕಟ್ಟು ಅಂಚಿಗೆ ತಾಗಿತ್ತು. ಮಗುವನ್ನು ಹೆಗಲ ಮೇಲೆ ಹೊತ್ತ ಹೆಂಗಸಿನ ಹಿಮ್ಮಡಿಯಿಂದ ಉಗುರಿನಷ್ಟು ಬಣ್ಣ ಉದುರಿತು. ಚಿತ್ರ ದುರಸ್ತಿ ಮಾಡುವಾಕೆ ಮೊಣಕಾಲೂರಿ, ಚಿಮಟದಲ್ಲಿ ಅದನ್ನು ಎತ್ತಿ ಹತ್ತಿಯ ಮೇಲಿಟ್ಟುಕೊಂಡಳು.

ಆಮೇಲೆ ನಡೆದದ್ದು ನಿನಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. "ನಾನು ನಿಲ್ಲಿಸು ಅಂದೆ, ಇವಳು ಇಳಿಸಿದಳು," ಎಂದರು ಅವರು. "ಇಳಿಸು ಅಂದ ಹಾಗೇ ಕಾಣಿಸ್ತು ಮೇಸ್ತ್ರಿ," ಎಂದೆ ನೀನು. ಮ್ಯಾನೇಜರ್ ನನ್ನ ಕಡೆ ತಿರುಗಿ, "ನೀವು ಅಲ್ಲೇ ಇದ್ರಲ್ಲ, ಏನು ಕಂಡಿತು?" ಎಂದರು.

"ನಾನು ಚೌಕಟ್ಟು ನೋಡ್ತಿದ್ದೆ, ಕೈ ನೋಡಲಿಲ್ಲ," ಎಂದೆ.

ಅವರ ಕೈ ನೋಡದೆ ನಾನು ಇನ್ನೇನು ನೋಡಿರುತ್ತೇನೆ? ನಿನಗೆ ಕಂಡದ್ದೇ ಸರಿ, ಗುಬ್ಬಿ. ಕೈ ಹೆಗಲಿನ ಮಟ್ಟಕ್ಕೆ ಚಾಚಿ ಅಡ್ಡಡ್ಡ ಬೀಸಿದರೆ ನಿಲ್ಲಿಸು. ಕೆಳಗಿಟ್ಟು ಸುತ್ತಿದರೆ ಇಳಿಸು. ಹೋದ ವರ್ಷ ಟ್ರೈಲರಿನಿಂದ ಬಿದ್ದಾಗಿನಿಂದ ಅವರ ಬಲಭುಜ ಕೆಟ್ಟು, ಚಾಚಿದ ಕೈ ಸೊಂಟಕ್ಕಿಂತ ಮೇಲೆ ಏಳುವುದಿಲ್ಲ. ನಿಲ್ಲಿಸು ಎನ್ನಲು ಹೋದರೆ ಇಳಿಸು ಎಂದ ಹಾಗೆ ಆಗುತ್ತದೆ. ಡಾಕ್ಟರಿಗೆ ತೋರಿಸಿದರೆ ಗೋದಾಮಿನಲ್ಲಿ ಕೂರಿಸುತ್ತಾರೆ ಎಂದು ಅವರಿಗೆ ಭಯ. ಬಿದ್ದದ್ದನ್ನು ನೋಡಿದವಳು ನಾನೊಬ್ಬಳೇ, ನಾನೂ ಬಾಯಿ ಬಿಡಲಿಲ್ಲ. ಅರ್ಧ ಕೈಯನ್ನು ಪೂರ್ತಿ ಓದಿಕೊಂಡು ನಾನು ಕೆಲಸ ತೂಗಿಸುತ್ತಿದ್ದೆ. ನಿನ್ನ ಜೊತೆ ಇಷ್ಟು ದಿನ ಕೈಯ ಜೊತೆಗೆ ವಾಕಿಟಾಕಿಯೂ ಇತ್ತು, ಅದಕ್ಕೇ ನಿನಗೆ ಗೊತ್ತಾಗಿರಲಿಲ್ಲ.

ಆ ಸಂಜೆ ಅವರು ಊಟಕ್ಕೆ ಕೂತು, "ಅವಳಿಗೆ ಗಮನ ಇಲ್ಲ, ಹುಡುಗಾಟ," ಎಂದರು. ನಾನು ಇನ್ನೂ ಒಂದು ಸೌಟು ಬಡಿಸಿದೆ. ಹಾಡು ಗುನುಗಿಕೊಂಡು ಪಾತ್ರೆ ತೊಳೆದೆ. ನಿನ್ನನ್ನು ಮನೆಗೆ ಕಳಿಸಿದರು ಎಂದು ತಿಳಿದಾಗ ಮಂಡಿಯ ನೋವೂ ಹೋದ ಹಾಗಾಯಿತು. ಹೀಗೆಲ್ಲ ಬರೆಯಬಾರದು, ಆದರೆ ಸಿಹಿ ಮಾಡಿ ಬರೆದರೆ ನೀನು ನಂಬುವುದಿಲ್ಲ.

ಶುಕ್ರವಾರ ಎರಡನೇ ತುಂಡಿಗೆ ನಾನೇ ಕ್ರೇನ್ ಹತ್ತಿದೆ. ಏಣಿಯ ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿದೆ. ನೀನು ಸೀಟನ್ನು ಮುಂದಕ್ಕೆ ಎಳೆದು ಇಟ್ಟಿದ್ದೆ, ನಾನು ಸಿಟ್ಟಿನಿಂದ ಹಿಂದಕ್ಕೆ ತಳ್ಳಿದೆ. ತುಂಡು ಸುಖವಾಗಿ ಹೋಗಿ ತನ್ನ ಜಾಗದಲ್ಲಿ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅವರು ಬಂದು ಬಾಗಿಲಿಗೆ ತಟ್ಟಿದರು, ಒಂದಲ್ಲ, ಎರಡು ಸಲ. ನಾನು ನಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಕೊನೆಯ ಗಳಿಗೆಯಲ್ಲಿ ಅವರ ಕೈ ಎದ್ದೇ ಇರಲಿಲ್ಲ. ಇನ್ನು ನಿಲ್ಲಿಸು ಎನ್ನುತ್ತಾರೆ ಎಂದು ನಾನೇ ಊಹಿಸಿ ನಿಲ್ಲಿಸಿದ್ದೆ. ಕೆಳಗೆ ಚೌಕಟ್ಟು ಹಿಡಿದುಕೊಂಡು ಇಬ್ಬರು ನಿಂತಿದ್ದರು, ಅವರ ಬೆರಳುಗಳೆಲ್ಲ ಅದರಡಿಯಲ್ಲೇ ಇದ್ದವು. ನನ್ನ ಊಹೆ ಒಂದು ಸಲ ತಪ್ಪಿದ್ದರೆ?

ಮನೆಗೆ ಬಂದವಳೇ ಮೇಲಿನ ಶೆಲ್ಫಿನ ಡಬ್ಬ ತೋರಿಸಿ, "ಅದನ್ನ ಬಲಗೈಯಲ್ಲಿ ತೆಗೆದುಕೊಡಿ," ಎಂದೆ.

"ಎಡಗೈಯಲ್ಲಿ ತೆಗೆದರೆ ಡಬ್ಬ ಬೇಡ ಅನ್ನುತ್ತಾ?"

"ಬಲಗೈಯಲ್ಲಿ."

ಪ್ರಯತ್ನಪಟ್ಟರು. ಚಾಚಿದ ಕೈ ಎದೆಯ ಮಟ್ಟಕ್ಕೂ ಬರಲಿಲ್ಲ. ಮುಖ ಬೆವರಿತು. "ಆ ಹುಡುಗಿ ಸರಿಯಾಗೇ ನೋಡಿದಳು," ಎಂದೆ ನಾನು. ಅವರು ಕುರ್ಚಿಯಲ್ಲಿ ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ನನಗೆ ಬೇರೆ ಯಾರೂ ಬೇಡ. ನೀನಿದ್ದರೆ ಸಾಕು. ನನ್ನ ಕೈ ನಿನಗೆ ಅರ್ಥ ಆಗುತ್ತೆ."

ನೋಡು, ಇಷ್ಟು ತಿಂಗಳು ನಾನು ಕಾದಿದ್ದು ಈ ಮಾತಿಗೇ. ಬಂದಾಗ ಅದನ್ನು ತೆಗೆದುಕೊಳ್ಳುವ ಹಾಗಿರಲಿಲ್ಲ. "ನನಗೊಬ್ಬಳಿಗೇ ಅರ್ಥ ಆಗೋದೇ ತಪ್ಪು," ಎಂದೆ. "ಇನ್ನೊಬ್ಬರಿಗೂ ಅರ್ಥ ಆಗಬೇಕು. ನಾಳೆ ಮ್ಯಾನೇಜರಿಗೆ ಹೇಳೋಣ. ನೀವು ಹೇಳದಿದ್ದರೆ ನಾನು ಹೇಳ್ತೀನಿ." ನನ್ನನ್ನು ಬೈದರು. ನಿನ್ನ ಪಕ್ಷ ವಹಿಸುತ್ತೇನೆ ಎಂದು ಬೈದರು! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬೆಳಿಗ್ಗೆ ಅವರೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮ್ಯಾನೇಜರ್ ಎದುರು ಅವರೇ ಹೇಳಿದರು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ನಾನು ಸುಳ್ಳು ಹೇಳಿದ್ದನ್ನು ನಾನೇ ಹೇಳಿದೆ. ಮ್ಯಾನೇಜರ್ ಇಬ್ಬರನ್ನೂ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಭುಜ ವಾಸಿಯಾಗುವವರೆಗೆ ಇವರು ಸನ್ನೆ ಕೊಡುವಂತಿಲ್ಲ, ಹಗ್ಗ ಸರಪಳಿ ಪರೀಕ್ಷೆ ಮಾಡಿಕೊಂಡಿರಬೇಕು. ನಿನ್ನ ಮೇಲೆ ತಪ್ಪಿಲ್ಲ, ಸೀಟು ನಿನ್ನದೇ.

ನಾಳೆ ಮೂರನೇ ತುಂಡು. ಹೊಳೆಯ ಆಚೆ ದಡ ಇರುವುದು ಅದರಲ್ಲೇ. ಸನ್ನೆ ಕೊಡುವುದು ನಾನು. ಏಣಿ ಹತ್ತುವುದು ಈ ಮಂಡಿಗೆ ಆಗದ ಮಾತು, ನಿಂತುಕೊಂಡು ಕೈ ಬೀಸುವುದಕ್ಕೆ ಏನೂ ತೊಂದರೆಯಿಲ್ಲ. ನನ್ನ ಎರಡೂ ಕೈ ಮೇಲೆ ಏಳುತ್ತವೆ, ನೀನು ನೋಡಿದ್ದೀಯ. ನನ್ನನ್ನೇ ನೋಡು, ಆದರೆ ನನ್ನೊಬ್ಬಳನ್ನೇ ನೋಡಬೇಡ. ಬಾ.

ಸೀಟು ಹಿಂದಕ್ಕೇ ಇದೆ, ಎಳೆದುಕೋ.

ಇಂತಿ,
ಮೇಸ್ತ್ರಿಯ ಹೆಂಡತಿ
(ಅಕ್ಕ ಅಂತ ಕರೆದರೂ ಪರವಾಗಿಲ್ಲ)

ತಾ.ಕ.: ಇಷ್ಟು ಹೊತ್ತೂ ಅವರು ಎದುರಿಗೇ ಕೂತಿದ್ದಾರೆ. ಒಂದು ಮಾತು ಬರೆ ಎಂದು ಮೂರು ಸಲ ಹೇಳಿದರು, ಕೇಳಿಸದವಳ ಹಾಗೆ ಇದ್ದೆ. ಹಾಳೆಯಲ್ಲಿ ಜಾಗ ಉಳಿದಿದೆ ಎಂದು ಬರೆಯುತ್ತಿದ್ದೇನೆ, ಬೇರೆ ಕಾರಣವೇನಿಲ್ಲ. ಆ ಸೀಟಿನಲ್ಲಿ ಕೂತವರಲ್ಲೆಲ್ಲ ನಿನ್ನ ಕೈಯೇ ಚೆನ್ನಾಗಿದೆಯಂತೆ.